ನಮ್ಮ ನಾಯಿ, ಸೂಲಗಿತ್ತಿಯ ಕಾಲು

ನನ್ನ ಎರಡನೆಯ ಹೆರಿಗೆ ಆದದ್ದು ಯಲಬುರ್ಗಾದಲ್ಲಿ, ಗಂಡನ ಮನೆಯಲ್ಲಿ. ಮೊದಲನೆಯದು ತವರಾದ ಕುಷ್ಟಗಿಯಲ್ಲಿ ಆಗಿತ್ತು. ಎರಡನೆಯದಕ್ಕೂ ಅಲ್ಲಿಗೇ ಹೋಗುವ ಮನಸ್ಸಿತ್ತು, ಆದರೆ ಆ ವರ್ಷ ನನ್ನ ತಾಯಿಯೇ ಹಾಸಿಗೆ ಹಿಡಿದಿದ್ದಳು. ಆಗ ನಿಜಾಮರ ಆಳ್ವಿಕೆ. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ಅದರ ದೆಸೆಯಿಂದ ನಮ್ಮ ಊರಿನಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಕತ್ತಲಾದರೆ ಬೇಗ ಮಲಗುವುದು, ಮೂಡಲು ಕೆಂಪಾಗುವ ಮೊದಲೇ ಏಳುವುದು.

ಮಾವನವರದು ಶೇಂಗಾ ಮತ್ತು ಹತ್ತಿಯ ವ್ಯಾಪಾರ. ಸುಗ್ಗಿಯಲ್ಲಿ ಹಿತ್ತಲ ತುಂಬ ಶೇಂಗಾ ರಾಶಿ ಬಿದ್ದಿರುತ್ತಿತ್ತು. ಅದನ್ನು ಕಾಯುವುದಕ್ಕೆ ಒಂದು ಬೂದು ಬಣ್ಣದ ನಾಯಿ ಇತ್ತು. ಕುರಿ ಮೇಯಿಸುವವರು ಮರಿಯಾಗಿದ್ದಾಗ ತಂದುಕೊಟ್ಟದ್ದು, ಈಗ ಕರುವಿನಷ್ಟು ಎತ್ತರ ಬೆಳೆದಿತ್ತು. ರಾತ್ರಿ ಅದನ್ನು ಹಿತ್ತಲಲ್ಲಿ ಬಿಡುತ್ತಿದ್ದರು, ಬೆಳಕು ಹರಿಯುವ ಮೊದಲು ನಮ್ಮವರು ಎದ್ದು ಗೂಟಕ್ಕೆ ಕಟ್ಟುತ್ತಿದ್ದರು. ಊರಿಗೆಲ್ಲ ಇದು ಗೊತ್ತಿತ್ತು. ಹಿತ್ತಲ ಬಾಗಿಲಿಗೆ ಬರುವವರು ಹೊರಗೇ ನಿಂತು ಕೂಗಿ, ಒಳಗಿನಿಂದ ಉತ್ತರ ಬಂದ ಮೇಲೆಯೇ ಅಗಳಿ ತೆಗೆಯುತ್ತಿದ್ದರು.

ಆ ದಿನ ನಸುಕಿನಲ್ಲಿ ನನಗೆ ಬೇನೆ ಶುರುವಾಯಿತು. ಅತ್ತೆ ನಮ್ಮವರನ್ನು ಎಬ್ಬಿಸಿ ಸೂಲಗಿತ್ತಿಯನ್ನು ಕರೆತರಲು ಓಡಿಸಿದರು. ಅವರು ಎದ್ದವರೇ ಓಡಿದರು, ನಾಯಿಯ ನೆನಪು ಅವರಿಗೆ ಬರಲಿಲ್ಲ. ಅತ್ತೆ ಬಿಸಿನೀರಿಗೆ ಒಲೆ ಹೂಡುತ್ತಿದ್ದರು. ಹೋಗುವ ಮಗನಿಗೆ ಅವರು ಒಂದು ಮಾತು ಹೇಳಿದ್ದು ನನ್ನ ಕಿವಿಗೂ ಬಿತ್ತು: ಮುಂಬಾಗಿಲಿಗೆ ಸುತ್ತಿಕೊಂಡು ಬರುವುದು ಬೇಡ, ಹಿತ್ತಲಿಂದಲೇ ಕಳಿಸು, ಹತ್ತಿರವಾಗುತ್ತದೆ.

ಸೂಲಗಿತ್ತಿ ಐವತ್ತು ದಾಟಿದ ವಿಧವೆ. ನಮ್ಮ ಓಣಿಯ ಮುಕ್ಕಾಲು ಮಕ್ಕಳು ಆಕೆಯ ಕೈಯಲ್ಲೇ ಹುಟ್ಟಿದವರು. ಮಾತು ಕಡಿಮೆ, ನಡಿಗೆ ಚುರುಕು. ನಮ್ಮವರು ಬಾಗಿಲು ಬಡಿದು ಕರೆದದ್ದೇ ತಡ, ಆಕೆ ಅವರಿಗಿಂತ ಮುಂದಾಗಿ ನಡೆದುಬಂದಳು. ಹಿತ್ತಲ ಬಾಗಿಲಿಗೆ ಬಂದಾಗ ಒಳಗಿನಿಂದ ನನ್ನ ಕೂಗು ಕೇಳಿಸಿತಂತೆ. ಆಕೆ ಕರೆಯಲಿಲ್ಲ, ನಿಲ್ಲಲಿಲ್ಲ, ಅಗಳಿ ಎತ್ತಿ ಒಳಗೆ ಕಾಲಿಟ್ಟಳು.

ನಾಯಿ ಬೊಗಳಿದ್ದು ನನಗೆ ಕೇಳಿಸಲಿಲ್ಲ. ಗುರ್ ಎಂಬ ಒಂದು ಸದ್ದು, ಅದರ ಹಿಂದೆಯೇ ಹೆಂಗಸಿನ ಒಂದು ಗಿಡ್ಡ ಕೂಗು, ಆಮೇಲೆ ನಮ್ಮವರು ನಾಯಿಯನ್ನು ಗದರಿಸುವ ದನಿ. ಏನಾಯಿತೆಂದು ನಾನು ಕೇಳಿದೆ. ಸ್ವಲ್ಪ ಹೊತ್ತಿಗೆ ಸೂಲಗಿತ್ತಿ ಕೋಣೆಗೆ ಬಂದಳು. ಮುಖ ಬೆಳ್ಳಗಾಗಿತ್ತು, ಸೀರೆಯ ಅಂಚನ್ನು ಹರಿದು ಕಾಲಿನ ಮೀನಖಂಡಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಕೈಯನ್ನು ಮೊಣಕೈತನಕ ತಿಕ್ಕಿ ತೊಳೆದು ನನ್ನ ಹತ್ತಿರ ಕೂತಳು.

"ನನ್ ಕಾಲ್ ಕಡಿ ನೋಡಬ್ಯಾಡವ್ವ. ನೀ ನನ್ ಮಾರಿ ನೋಡು," ಎಂದಳು.

ಬಿಸಿಲು ಬೀಳುವ ಹೊತ್ತಿಗೆ ಮಗ ಹುಟ್ಟಿದ. ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಎರೆದು, ನನ್ನನ್ನು ಮಲಗಿಸಿ, ಎಲ್ಲ ಮುಗಿದ ಮೇಲೆಯೇ ಆಕೆ ಗೋಡೆಗೆ ಒರಗಿ ಕೂತದ್ದು. ಸುತ್ತಿದ ಬಟ್ಟೆ ಆಗ ಪೂರ್ತಿ ಕೆಂಪಾಗಿತ್ತು. ಅತ್ತೆ ಗಾಯಕ್ಕೆ ಖಾರದ ಪುಡಿ ಹಾಕಲು ಬಂದರು. ಆಕೆ ಬೇಡವೆಂದು ಸಾಬೂನು ನೀರು ಕೇಳಿದಳು.

ಸರಕಾರಿ ದವಾಖಾನೆಯ ಡಾಕ್ಟರು ಮಧ್ಯಾಹ್ನ ಮನೆಗೇ ಬಂದರು. ಗಾಯವನ್ನು ಔಷಧದ ನೀರಿನಿಂದ ತೊಳೆದು, ಸುಡುವ ದ್ರಾವಣ ಹಚ್ಚಿದರು. ಅದನ್ನು ಹಚ್ಚುವಾಗಲೂ ಸೂಲಗಿತ್ತಿ ತುಟಿ ಬಿಚ್ಚಲಿಲ್ಲವೆಂದು ಅತ್ತೆ ಆಮೇಲೆ ಹೇಳಿದರು. ಡಾಕ್ಟರು ನಾಯಿಯನ್ನೂ ನೋಡಿದರು. ಅದರ ಕಿವಿಯ ಮೇಲೆ ಅರ್ಧ ಮಾಯ್ದ ಒಂದು ಗಾಯವಿತ್ತು. ಹಿಂದಿನ ತಿಂಗಳು ಒಂದು ಹುಚ್ಚುನಾಯಿ ಊರೊಳಗೆ ತಿರುಗಾಡಿ ದನಗಳನ್ನು ಕಚ್ಚಿದ್ದು ಎಲ್ಲರಿಗೂ ಗೊತ್ತಿತ್ತು. ಆ ಗಾಯ ಅದರದೋ ಬೇರೆ ಜಗಳದ್ದೋ ಹೇಳಬಲ್ಲವರು ಯಾರೂ ಇರಲಿಲ್ಲ. ಡಾಕ್ಟರು ನಾಯಿಯನ್ನು ಕೊಲ್ಲಬೇಡಿ, ಹತ್ತು ದಿನ ಕಟ್ಟಿಹಾಕಿ ನೋಡಿ, ಅದು ಬದುಕಿ ಗಟ್ಟಿಯಾಗಿದ್ದರೆ ಹೆದರಬೇಕಾಗಿಲ್ಲ ಎಂದರು. ಆದರೂ ಆ ದಿನಗಳನ್ನು ಕಾಯುತ್ತ ಕೂಡುವುದು ಜಾಣತನವಲ್ಲ, ಆಕೆಯನ್ನು ಬಳ್ಳಾರಿಗೆ ಕರೆದೊಯ್ದು ಹೊಟ್ಟೆಗೆ ಹಾಕುವ ಸೂಜಿಗಳನ್ನು ಶುರುಮಾಡಿಸಿ ಎಂದೂ ಹೇಳಿ ಹೋದರು. ನಮ್ಮ ದವಾಖಾನೆಯಲ್ಲಿ ಆ ಔಷಧ ಇರಲಿಲ್ಲ.

ಅವರು ಹೋದ ಮೇಲೆ ಸೂಲಗಿತ್ತಿಯ ಮಗ ಬಂದ. ಬಾಡಿಗೆ ಚಕ್ಕಡಿ ಹೊಡೆಯುವವನು, ಎರಡು ಮಕ್ಕಳ ತಂದೆ. ಕೈಯಲ್ಲಿ ಕೊಡಲಿ ಇತ್ತು. ನಮ್ಮವರು ಅಡ್ಡ ನಿಂತು ಡಾಕ್ಟರ ಮಾತನ್ನು ತಿಳಿಸಿದರು. ನಾಯಿಯನ್ನು ಕೊಂದರೆ ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಹೋಗುತ್ತದೆ ಎಂದಾಗ ಅವನು ಕೊಡಲಿ ಇಳಿಸಿದ. ಹಾಗಾದರೆ ನಾಳೆ ಬೆಳಿಗ್ಗೆಯೇ ತನ್ನ ತಾಯಿಯನ್ನು ಬಳ್ಳಾರಿಗೆ ಕರೆದೊಯ್ಯಿರಿ, ನಾಯಿ ನಿಮ್ಮದು ಎಂದ. ಮಾವನವರು ಹೂಂ ಎಂದರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಆದರೆ ಅದೇ ಸಂಜೆ ಅತ್ತೆಯ ತಮ್ಮ ಬಂದರು. ಅವರು ಗಂಗಾವತಿಯಲ್ಲಿ ವಕೀಲರು, ಏನೋ ಕೆಲಸದ ಮೇಲೆ ಕೊಪ್ಪಳಕ್ಕೆ ಬಂದಿದ್ದವರು ಅಕ್ಕನ ಮನೆಗೂ ಬಂದಿದ್ದರು. ಬಾಣಂತಿಯ ಕೋಣೆ ಪಡಸಾಲೆಗೆ ಹೊಂದಿಕೊಂಡೇ ಇತ್ತು, ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ಅಗ್ಗಿಷ್ಟಿಕೆಯ ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು ನಾನು ಅವರ ಮಾತನ್ನೆಲ್ಲ ಕೇಳಿಸಿಕೊಂಡೆ.

ವಕೀಲರು ಕೆಟ್ಟವರಲ್ಲ. ಭಾವನ ಮೇಲೆ ಪ್ರೀತಿ ಇದ್ದವರು, ಅದಕ್ಕೇ ಹಾಗೆ ಹೇಳಿದರು. ಕರೆಯದೆ ಅಗಳಿ ತೆಗೆದವಳು ಆಕೆ. ಊರಿಗೆಲ್ಲ ಗೊತ್ತಿದ್ದ ರೂಢಿಯನ್ನು ಮುರಿದವಳು ಆಕೆ. ನಾಯಿ ಕಚ್ಚುವ ಸ್ವಭಾವದ್ದೆಂದು ಮಾಲೀಕನಿಗೆ ಮೊದಲೇ ತಿಳಿದಿದ್ದರೆ ಮಾತು ಬೇರೆ. ಇದು ಈ ಹಿಂದೆ ಯಾರನ್ನೂ ಕಚ್ಚಿಲ್ಲವಲ್ಲ ಎಂದು ಕೇಳಿದರು. ಮಾವನವರು ಸ್ವಲ್ಪ ತಡೆದು, ಕಚ್ಚಿಲ್ಲ ಎಂದರು.

"ಹಂಗಾದ್ರ ಸುಮ್ನ ಇರ್ರಿ ಭಾವಾ," ಎಂದರು ವಕೀಲರು. "ನಿಮ್ ಗಾಡಿ ಕಟ್ಟಿ ಕಳಿಸಿದ್ರಿ ಅಂದ್ರ ತಪ್ಪು ಕಸೂರು ನಮ್ದ ಅಂತ ನೀವ ಒಪ್ಪಿಕೊಂಡಂಗ. ನಾಳೆ ಆಕಿಗೇನರ ಆತು ಅಂದ್ರ, ಅದೂ ನಿಮ್ ತಲಿ ಮ್ಯಾಲ ಬರ್ತೈತಿ."

ಮಾವನವರು ಅದಾಲತ್ತಿನ ಮೆಟ್ಟಿಲು ಹತ್ತಿದವರಲ್ಲ. ಸರಕಾರದ ಉರ್ದು ಕಾಗದ ಬಂದರೆ ಓದಬಲ್ಲವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮರುದಿನ ಗಾಡಿ ಹೂಡಲಿಲ್ಲ. ಸೂಲಗಿತ್ತಿಯ ಮನೆಗೆ ಜೋಳವನ್ನೂ ತುಪ್ಪವನ್ನೂ ಕಳಿಸಿ, ಇದು ಹೆರಿಗೆ ಮಾಡಿದ್ದಕ್ಕೆ ಎಂದು ಒತ್ತಿ ಹೇಳಿಸಿದರು. ಅವಳ ಮಗ ಅವೆರಡನ್ನೂ ತಿರುಗಿ ಕಳಿಸಿದ. ತಹಶೀಲಿಗೆ ಹೋಗಿ ಅರ್ಜಿ ಕೊಡುತ್ತೇನೆ, ತಪ್ಪು ಯಾರದೆಂದು ಸರಕಾರವೇ ಹೇಳಲಿ ಎಂದನಂತೆ. ಅವನೇ ಯಾಕೆ ತಾಯಿಯನ್ನು ತನ್ನ ಚಕ್ಕಡಿಯಲ್ಲಿ ಕರೆದೊಯ್ಯಬಾರದು ಎಂದು ಓಣಿಯವರು ಕೇಳಿದರು. ತಾನೇ ಕರೆದೊಯ್ದರೆ ನಮ್ಮ ಮನೆಯವರು ಪಾರಾದಂತೆ ಆಗುತ್ತದೆ ಎಂಬುದು ಅವನ ಉತ್ತರ. ಹೀಗೆ ಎರಡೂ ಮನೆಯ ಗಾಡಿಗಳು ನಿಂತಲ್ಲೇ ನಿಂತವು. ಆಕೆ ಮಾತ್ರ ಕಾಲು ನೀಡಿಕೊಂಡು ಮನೆಯಲ್ಲಿ ಕೂತಿದ್ದಳು.

ನನ್ನ ಕೋಣೆಗೆ ಹಿತ್ತಲ ಕಡೆಗೊಂದು ಸಣ್ಣ ಕಿಟಕಿ ಇತ್ತು. ಅದರ ಎದುರಿಗೇ ನಾಯಿಯ ಗೂಟ. ಬಾಣಂತಿಗೆ ಗಾಳಿ ಸೋಕಬಾರದೆಂದು ಅತ್ತೆ ಕಿಟಕಿಗೆ ಗೋಣಿ ಹೊದಿಸಿದ್ದರು. ಅವರು ಆಚೆ ಹೋದ ಕೂಡಲೇ ನಾನು ಗೋಣಿಯ ಮೂಲೆ ಎತ್ತಿ ನೋಡುತ್ತಿದ್ದೆ. ನಾಯಿ ರೊಟ್ಟಿ ತಿಂದಿತೇ, ನೀರು ಕುಡಿಯಿತೇ, ಬಾಲ ಆಡಿಸಿತೇ. ಅದು ತಲೆ ಎತ್ತಿ ನನ್ನ ಕಡೆ ನೋಡಿದರೆ ಸಮಾಧಾನ, ಬೇರೆ ಕಡೆ ನೋಡಿದರೆ ಭಯ. ನೆರಳಲ್ಲಿ ಮಲಗಿದ್ದರೆ ಉಸಿರಾಡುವುದು ಕಾಣುವತನಕ ಗೋಣಿ ಬಿಡುತ್ತಿರಲಿಲ್ಲ.

ನನಗೆ ಇನ್ನೊಂದು ಭಯವೂ ಇತ್ತು. ನೋಡಲು ಬಂದ ಹೆಂಗಸೊಬ್ಬಳು, ಕಚ್ಚಿಸಿಕೊಂಡ ಕೈಯಿಂದಲೇ ಕೂಸನ್ನು ಎತ್ತಿದ್ದಾಳಲ್ಲ ಎಂದು ಅಂದುಹೋಗಿದ್ದಳು. ಕಚ್ಚಿದ್ದು ಕಾಲಿಗೆ, ಕೈಯನ್ನು ಆಕೆ ಎಷ್ಟು ತೊಳೆದಿದ್ದಳೆಂದು ನಾನೇ ಕಂಡಿದ್ದೆ. ಡಾಕ್ಟರನ್ನು ಕೇಳಿಸಿದಾಗ ಅವರು ಕೂಸಿಗೆ ಏನೂ ಆಗದೆಂದು ನಕ್ಕರಂತೆ. ಆದರೂ ಕೂಸು ಹಾಲು ಕಕ್ಕಿದರೆ, ಬೆಚ್ಚಿದರೆ, ಸ್ವಲ್ಪ ಹೆಚ್ಚು ಹೊತ್ತು ಅತ್ತರೆ, ನಾನು ಅದರ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಸೂಲಗಿತ್ತಿಯ ಮೇಲೆಯೇ ಬರುತ್ತಿತ್ತು.

ಹತ್ತು ದಿನ ತುಂಬುವ ಮೊದಲೇ, ಒಂದು ಬೆಳಿಗ್ಗೆ, ನಾಯಿ ನೀರಿನ ಮರಿಗೆಯ ಹತ್ತಿರ ಹೋಗಲಿಲ್ಲ. ಹಿಂದಿನ ದಿನದ ರೊಟ್ಟಿಯೂ ಹಾಗೇ ಬಿದ್ದಿತ್ತು. ಸರಪಳಿಯನ್ನು ಎಳೆಯುತ್ತ ಅಲ್ಲೇ ಸುತ್ತು ಹಾಕುತ್ತಿತ್ತು. ಬೆದೆಯ ಕಾಲವೋ, ಹೊರಗೆ ನಾಯಿಗಳು ಕೂಗುತ್ತಿದ್ದವೋ, ಯಾರಿಗೆ ಗೊತ್ತು. ನಾನು ಅತ್ತೆಯನ್ನು ಕರೆದು ತೋರಿಸಿದೆ. ಗೋಣಿ ಎತ್ತಿದ್ದಕ್ಕೆ ಅವರು ಬೈಯಲಿಲ್ಲ. ಬಹಳ ಹೊತ್ತು ನೋಡುತ್ತ ನಿಂತರು. ಡಾಕ್ಟರಿಗೆ ಹೇಳಿಕಳಿಸಿದರು, ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಊಟದ ಹೊತ್ತಿಗೆ ಮತ್ತೆ ನೋಡಿದಾಗ ಗೂಟವೇ ಕಿತ್ತುಹೋಗಿತ್ತು. ಹಿತ್ತಲ ಗೋಡೆ ಒಂದು ಕಡೆ ಕುಸಿದು ತಗ್ಗಾಗಿತ್ತು. ಅಲ್ಲಿಂದ ನಾಯಿ ಸರಪಳಿಯ ಸಮೇತ ಹೋಗಿಬಿಟ್ಟಿತ್ತು.

ನಮ್ಮವರು, ಆಳುಗಳು, ಸೂಲಗಿತ್ತಿಯ ಮಗ, ಎಲ್ಲರೂ ಜೋಳದ ಹೊಲಗಳಲ್ಲಿ ಹುಡುಕಿದರು. ಎದೆಮಟ್ಟ ಬೆಳೆದ ಪೈರು, ಎತ್ತ ನೋಡಿದರೂ ಒಂದೇ. ಸಿಗಲಿಲ್ಲ. ಈಗ ಅದು ಹುಚ್ಚುನಾಯಿಯೋ ಒಳ್ಳೆಯ ನಾಯಿಯೋ ಎಂದು ಹೇಳುವುದಕ್ಕೆ ಕಣ್ಣೆದುರಿಗೆ ನಾಯಿಯೇ ಇರಲಿಲ್ಲ.

ಅಂದು ಸಂಜೆ ಊರ ಗೌಡರು ನಮ್ಮ ಪಡಸಾಲೆಗೆ ಬಂದು ಕೂತರು. ಎರಡೂ ಕಡೆಯವರನ್ನು ಕರೆಸಿದ್ದರು. ಸೂಲಗಿತ್ತಿಯನ್ನು ಮಗ ಹೆಗಲುಗೊಟ್ಟು ಕರೆತಂದ. ನಾನು ಪರದೆಯ ಹಿಂದೆ, ಮೊಲೆ ಕಚ್ಚಿದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಕೂಸು ಅಳದಿರಲಿ ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ, ಒಂದು ಮಾತೂ ತಪ್ಪಿಹೋಗಬಾರದಿತ್ತು.

ಮಾವನವರು ವಕೀಲರು ಹೇಳಿಕೊಟ್ಟದ್ದನ್ನೇ ಹೇಳಿದರು. ಸೂಲಗಿತ್ತಿಯ ಮಗ ತನ್ನದನ್ನು ಹೇಳಿದ: ನಾಯಿ ಕಟ್ಟುವುದು ಮಾಲೀಕನ ಕೆಲಸ, ಹಿತ್ತಲಿಂದ ಬಾ ಎಂದು ಹೇಳಿಕಳಿಸಿದವರೂ ಅವರೇ. ಗೌಡರು ಇಬ್ಬರನ್ನೂ ತಡೆಯಲಿಲ್ಲ. ಕೊನೆಗೆ ಸೂಲಗಿತ್ತಿಯ ಕಡೆ ತಿರುಗಿ, ನೀನು ಕರೆಯದೆ ಅಗಳಿ ತೆಗೆದದ್ದು ಖರೆಯೇ ಎಂದು ಕೇಳಿದರು.

"ಖರೇ ಐತ್ರಿ," ಎಂದಳು ಆಕೆ. "ಬಂದಾಗೆಲ್ಲಾ ಕರೀತಿದ್ದೆ. ಅವತ್ತ ಕರೀಲಿಲ್ಲ. ಒಳಗ ಹುಡುಗಿ ಒದರೂದು ಕೇಳಿ ನನಗ ನಾಯಿ ನೆಪ್ಪ ಉಳೀಲಿಲ್ರಿ. ಅಷ್ಟು ನನ್ ತಪ್ಪ ಐತಿ."

ಮಗ ತಲೆ ತಗ್ಗಿಸಿದ. ತಾಯಿ ತಾನಾಗಿಯೇ ದಾವೆಯನ್ನು ಕೆಡಿಸಿದಳೆಂದು ಅವನಿಗೆ ಅನ್ನಿಸಿರಬೇಕು. ಮಾವನವರ ಉಸಿರು ಸಡಿಲವಾದದ್ದು ನನಗೆ ಪರದೆಯ ಈಚೆಗೂ ಕೇಳಿಸಿತು. ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಅತ್ತೆ ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತರು. ಗಂಡಸರು ಕೂತಲ್ಲಿ ಅವರು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹಿತ್ತಲಿಂದ ಬರಾಕ ಹೇಳಿದಾಕಿ ನಾನ್ರಿ," ಎಂದರು. "ನಾಯಿ ಬಿಟ್ಟಿದ್ದು ನನಗೂ ಗೊತ್ತಿತ್ತು, ನನ್ ಮಗಗೂ ಗೊತ್ತಿತ್ತು. ಹೋದ ಸುಗ್ಗ್ಯಾಗ ಕಂಬಳಿ ಮಾರಾವನ ಧೋತರ ಹಿಡದ ಹರದಿತ್ತು. ಕಚ್ಚು ನಾಯಿ ಅಂತ ಗೊತ್ತಿರಲಿಲ್ಲ ಅನ್ನೂದು ಸುಳ್ಳು."

ಮಾವನವರು ಹೆಂಡತಿಯ ಮುಖ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ, ಬಾಗಿಲಾಚೆಗೆ ನೋಡುತ್ತ ಕೂತರು. ಗೌಡರು ಎದ್ದುಹೋದ ಮೇಲೆ ಈ ಮನೆಯಲ್ಲಿ ಏನಾಗುವುದೋ ಎಂದು ಆಗಿನಿಂದಲೇ ಹೆದರತೊಡಗಿದೆ.

ಗೌಡರು ತಮ್ಮ ಫೈಸಲಾವನ್ನು ದೊಡ್ಡದು ಮಾಡಲಿಲ್ಲ. ಇದರಲ್ಲಿ ಯಾರದೂ ಪೂರ್ತಿ ತಪ್ಪಿಲ್ಲ, ಯಾರೂ ಪೂರ್ತಿ ಪಾರೂ ಅಲ್ಲ ಎಂದರು. ಆಕೆ ಕರೆಯದೆ ಬಂದದ್ದು ಅವಸರದ ತಪ್ಪು, ಅದೂ ಈ ಮನೆಯ ಕೆಲಸಕ್ಕಾಗಿ ಆದ ಅವಸರ. ನಾಯಿಯನ್ನು ಕಟ್ಟದೆ ಕರೆಸಿದ್ದು ಅದಕ್ಕಿಂತ ದೊಡ್ಡದು. ಆದ್ದರಿಂದ ಬಳ್ಳಾರಿಗೆ ಕರೆದೊಯ್ದು ಚಿಕಿತ್ಸೆ ಮುಗಿಸಿ ತರುವ ಭಾರ ನಮ್ಮ ಮನೆಯದು. ಆಕೆಯ ಮಗ ಅರ್ಜಿ ಕೊಡುವುದು ಬೇಡ, ತಾನೂ ಜೊತೆಗೆ ಹೋಗಿ ತಾಯಿಯನ್ನು ನೋಡಿಕೊಳ್ಳಬೇಕು. ನಾಳೆ ಸೂರ್ಯ ಹುಟ್ಟುವುದರೊಳಗೆ ಗಾಡಿ ಹೊರಡಬೇಕು.

ಜೊತೆಗೆ ಹೋಗುವವರು ಯಾರೆಂದು ಕೇಳಿದಾಗ ಅತ್ತೆ ತಾವೇ ಹೋಗುವೆನೆಂದರು. ಹೊಟ್ಟೆಗೆ ಸೂಜಿ ಚುಚ್ಚುವಾಗ ಹೆಂಗಸಿನ ಪಕ್ಕದಲ್ಲಿ ಹೆಂಗಸೇ ಇರಬೇಕೆಂದರು. ಹಸಿ ಬಾಣಂತಿಯನ್ನು ಬಿಟ್ಟುಹೋಗುವುದೇ ಎಂದು ಮಾವನವರು ಗೊಣಗಿದರು. ಅತ್ತೆ ಓಣಿಯ ಒಬ್ಬ ಮುದುಕಿಯನ್ನು ನನ್ನ ಹತ್ತಿರ ಕೂಡಿಸಿ, ಗಂಟು ಕಟ್ಟಿದರು. ಮಾವನವರು ಅವರೊಂದಿಗೆ ಮಾತಾಡದಿದ್ದರೂ ಎತ್ತುಗಳಿಗೆ ಮೇವನ್ನು ತಾವೇ ಕಟ್ಟಿ ಗಾಡಿಯಲ್ಲಿಟ್ಟರು.

ಗಾಡಿಯಲ್ಲಿ ಕೊಪ್ಪಳದ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಅವರು ಬಳ್ಳಾರಿಗೆ ಹೋದರು. ಗಾಡಿ ಹೊಡೆದುಕೊಂಡು ಹೋಗಿದ್ದ ಆಳು ಅವರನ್ನು ಸ್ಟೇಷನ್ನು ಮುಟ್ಟಿಸಿದ ಸುದ್ದಿಯನ್ನಷ್ಟೇ ತಂದ. ಆಮೇಲೆ ಏನೂ ಇಲ್ಲ. ಬಾಗಿಲಲ್ಲಿ ಗಂಡಸಿನ ದನಿ ಕೇಳಿದರೆ, ಆಕೆ ಹೋದಳು ಎನ್ನುವ ಸುದ್ದಿಯೇ ಬಂತೆಂದು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಕಿಟಕಿಯ ಗೋಣಿಯನ್ನು ಎತ್ತಲು ಇನ್ನು ಕಾರಣವಿರಲಿಲ್ಲ, ಆದರೂ ಎತ್ತಿ ಖಾಲಿ ಹಿತ್ತಲನ್ನು ನೋಡುತ್ತಿದ್ದೆ. ನಾಯಿ ತಿರುಗಿ ಬಂದೀತೆಂಬ ಆಸೆ, ಬಂದರೆ ಇನ್ನಾರನ್ನು ಕಚ್ಚೀತೋ ಎಂಬ ಭಯ, ಎರಡೂ ಒಟ್ಟಿಗೆ.

ನನಗೆ ಎಣ್ಣೆನೀರು ಹಾಕಿ ಕೋಣೆ ಬದಲಿಸುವ ಹೊತ್ತಿಗೆ ಅವರು ಬಂದರು. ಹೆಂಗಸರಿಬ್ಬರೂ ಸೊರಗಿದ್ದರು. ಸೂಜಿಗಳಿಂದ ಸೂಲಗಿತ್ತಿಯ ಹೊಟ್ಟೆ ಊದಿ, ಬಗ್ಗಲು ಬಾರದಂತಾಗಿತ್ತು. ಧರ್ಮಶಾಲೆಯಲ್ಲಿ ಇದ್ದೆವೆಂದು ಅತ್ತೆ ಹೇಳಿದರು. ಅಡಿಗೆ ಯಾರು ಮಾಡುತ್ತಿದ್ದರೆಂದು ಓಣಿಯ ಹೆಂಗಸರು ಕೆದಕಿದರು, ಯಾಕೆಂದರೆ ನಮ್ಮ ಮನೆಯವರು ಆಕೆಯ ಮನೆಯಲ್ಲಿ ನೀರೂ ಮುಟ್ಟುವವರಲ್ಲ. ಅತ್ತೆ ಕೂಸನ್ನು ಎತ್ತಿಕೊಂಡರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಸೂಜಿಗಳು ತಡವಾಗಿ ಶುರುವಾದವು, ವಿಷ ಇದ್ದರೆ ತಿಂಗಳುಗಟ್ಟಲೆ ಒಳಗೇ ಅಡಗಿರಬಹುದು ಎಂದು ಬಳ್ಳಾರಿಯ ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತು ಊರಲ್ಲಿ ಹಬ್ಬಿತು. ಆಕೆಯನ್ನು ಹೆರಿಗೆಗೆ ಕರೆಯುವುದನ್ನು ಜನ ನಿಲ್ಲಿಸಿದರು. ಮಕ್ಕಳನ್ನು ಆಕೆಯ ಅಂಗಳದಿಂದ ಎಳೆದುಕೊಂಡು ಹೋಗುತ್ತಿದ್ದರು. ಆ ವಿಷ ಏರಿದವರಿಗೆ ನೀರು ಇಳಿಯುವುದಿಲ್ಲವೆಂದು ಎಲ್ಲರೂ ಬಲ್ಲರು, ಆಕೆ ಎಲ್ಲಾದರೂ ನೀರು ಕೇಳಿದರೆ ಕೊಟ್ಟು, ಗಂಟಲಿಗೆ ಇಳಿಯುವುದನ್ನು ನಿಂತು ನೋಡುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ತಾನೇ ಒಂದು ತಂಬಿಗೆ ನೀರು ತುಂಬಿಕೊಂಡು, ನಡುಗುತ್ತ, ಕೊನೆಯ ಹನಿಯತನಕ ಕುಡಿಯುತ್ತಿದ್ದೆನೆಂದು ಆಕೆ ಬಹಳ ದಿನಗಳ ಮೇಲೆ ನನಗೆ ಹೇಳಿದಳು. ಕುಡಿದು ಮುಗಿದರೆ ಆ ದಿನದ ಮಟ್ಟಿಗೆ ಜೀವ ಉಳಿಯಿತೆಂದು ಕೆಲಸಕ್ಕೆ ಏಳುತ್ತಿದ್ದಳಂತೆ.

ಬಳ್ಳಾರಿಗೆ ಕರೆದೊಯ್ದ ಮೇಲೆ ನಮ್ಮ ಪಾಲಿನದು ತೀರಿತೆಂದು ಮಾವನವರು ತಿಳಿದಿದ್ದರು. ಅತ್ತೆ ಹಾಗೆ ತಿಳಿಯಲಿಲ್ಲ. ಆಕೆಯ ಕೈಗೆ ಕೆಲಸ ತಪ್ಪಿದ್ದೂ ನಮ್ಮ ನಾಯಿಯಿಂದಲೇ ಅಲ್ಲವೇ ಎಂದು ಒಂದು ದಿನ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದರು.

ಮರುವರ್ಷ ನಾದಿನಿ ಚೊಚ್ಚಲ ಹೆರಿಗೆಗೆ ಗಂಗಾವತಿಯ ಗಂಡನ ಮನೆಯಿಂದ ಬಂದಳು. ಬೀಗರು ಬಂಡಿ ಇಳಿಯುವ ಮೊದಲೇ, ಆ ನಾಯಿ ಕಚ್ಚಿದವಳನ್ನು ಕರೆಯಬಾರದೆಂದು ಹೇಳಿದರು. ಮಾವನವರೂ ಕುಕನೂರಿನಿಂದ ಬೇರೊಬ್ಬಳನ್ನು ಗೊತ್ತುಮಾಡಿದ್ದರು. ಬೇನೆ ಬಂದ ದಿನ ಅತ್ತೆ ಯಾರನ್ನೂ ಕೇಳದೆ ತಾವೇ ಸೂಲಗಿತ್ತಿಯ ಮನೆಗೆ ನಡೆದುಹೋದರು. ಆಕೆ ಬರಲು ಒಪ್ಪಲಿಲ್ಲವಂತೆ. ನಿಮ್ಮ ಮಗಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಅದನ್ನೂ ನನ್ನ ಕಾಲಿಗೇ ಕಟ್ಟುತ್ತಾರೆ ಎಂದಳಂತೆ.

"ಕಟ್ಟಿದ್ರ ಅರ್ಧ ನನ್ ಕಾಲಿಗಿ ಕಟ್ಲಿ, ನಡಿ," ಎಂದರಂತೆ ಅತ್ತೆ.

ಇಬ್ಬರೂ ಹಾಡುಹಗಲಲ್ಲಿ ಓಣಿಯ ನಡುವೆ ಜೊತೆಯಾಗಿ ನಡೆದುಬಂದರು. ಆಕೆ ಇನ್ನೂ ಸ್ವಲ್ಪ ಕುಂಟುತ್ತಿದ್ದಳು. ಕೂಸು ಅಡ್ಡ ಬಿದ್ದಿತ್ತು, ದಿನವೆಲ್ಲ ಹಿಡಿಯಿತು. ನಾನು ಬಿಸಿನೀರು ಒಯ್ಯುತ್ತ, ನಾದಿನಿಯ ತಲೆ ಹಿಡಿಯುತ್ತ, ಪಡಸಾಲೆಯಲ್ಲಿ ಕೂತ ಬೀಗರ ಮುಖಗಳನ್ನು ನೋಡಲಾರದೆ ಓಡಾಡಿದೆ. ಸೂಲಗಿತ್ತಿ ಒಮ್ಮೆಯೂ ಅವಸರ ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿ ಅತ್ತಿತು. ನಾದಿನಿಯ ಅತ್ತೆ ಒಳಗೆ ಬಂದು, ಮೊಮ್ಮಗಳನ್ನು ಸೂಲಗಿತ್ತಿಯ ಕೈಯಿಂದಲೇ ಎತ್ತಿಕೊಂಡರು.

ಆ ವಾರದಲ್ಲೇ ಗೌಡರ ಸೊಸೆಗೆ ಬೇನೆ ಬಂತು. ಗೌಡರ ಮನೆಯ ಆಳು ಬೇರೆಲ್ಲೂ ಹೋಗದೆ ನೇರವಾಗಿ ಆಕೆಯ ಮನೆಗೆ ಹೋದನೆಂದು ಓಣಿಯ ಹೆಂಗಸರು ಬಾವಿಯ ಹತ್ತಿರ ಮಾತಾಡಿಕೊಂಡರು. ಅತ್ತೆ ಕೊಡ ತುಂಬಿಕೊಂಡು, ಏನೂ ಕೇಳಿಸದವರಂತೆ ಮನೆಗೆ ಬಂದು, ಅಂದು ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ಕಾಲು ಚಾಚಿ ನಿದ್ದೆ ಮಾಡಿದರು.